ಬೋಟಿನಕ್ಕನನ್ನು ಕೇಳಿ: ಅರ್ಧ ದಿನ ಕಡಲಲ್ಲಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ. ದಡದ ಉದ್ದಕ್ಕೂ ಬೋಟಿನಲ್ಲಿ ಒಂದು ಸುತ್ತು, ಎಲ್ಲೋ ಲಂಗರು ಹಾಕಿ ಈಜು, ಒಂದಿಷ್ಟು ತಿಂಡಿ, ಅರ್ಧ ದಿನಕ್ಕೆ ವಾಪಸ್. ಇಂಥ ಬೋಟುಗಳಲ್ಲಿ ಜಾಕೆಟ್ ತೊಡಿಸಿದವಳು, ತಿಂಡಿ ಹಂಚಿದವಳು, ವಾಂತಿಯ ಬಕೆಟ್ ತೊಳೆದವಳು ನಾನೇ. ಬಹಳ ವರ್ಷ ಅದೇ ಕೆಲಸ. ಹಾಗಾಗಿ ಕೇಳಿದವರಿಗೆಲ್ಲ ಖುಷಿಯಾಗಿ ಉತ್ತರ ಬರೆದಿದ್ದೇನೆ. ಕೆಲವರಿಗೆ ಉದ್ದ, ಕೆಲವರಿಗೆ ಎರಡೇ ಸಾಲು. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕಾ, ಬಸ್ಸು ಹತ್ತಿದರೂ ಸಾಕು, ನನಗೆ ತಲೆ ಸುತ್ತಿ ವಾಂತಿ ಬರುತ್ತದೆ. ಗೆಳತಿಯರೆಲ್ಲ ಸೇರಿ ಬೋಟು ಬುಕ್ ಮಾಡಿದ್ದಾರೆ. ಹೋಗದಿದ್ದರೆ ಅವರಿಗೆ ಬೇಜಾರು, ಹೋದರೆ ನನ್ನಿಂದ ಎಲ್ಲರ ಖುಷಿ ಹಾಳು. ಏನು ಮಾಡಲಿ?

ಉತ್ತರ: ಹೋಗಿ. ಆದರೆ ತಯಾರಿ ಮಾಡಿಕೊಂಡು ಹೋಗಿ.

ಮೊದಲು ಇದು ಯಾಕೆ ಆಗುತ್ತದೆ ಅಂತ ಗೊತ್ತಿರಲಿ. ಕಿವಿಯ ಒಳಭಾಗದಲ್ಲಿ ನಮ್ಮ ಸಮತೋಲ ನೋಡಿಕೊಳ್ಳುವ ಅಂಗ ಇದೆ. ಬೋಟು ಅಲುಗಾಡಿದಾಗ ಅದು 'ನಾವು ಅಲುಗಾಡುತ್ತಿದ್ದೇವೆ' ಅಂತ ಮಿದುಳಿಗೆ ಹೇಳುತ್ತದೆ. ನೀವು ಅದೇ ಹೊತ್ತಿಗೆ ಬೋಟಿನ ನೆಲವನ್ನೋ ಮೊಬೈಲನ್ನೋ ನೋಡುತ್ತಿದ್ದರೆ ಕಣ್ಣು 'ಇಲ್ಲ, ಎಲ್ಲ ನಿಂತಲ್ಲೇ ಇದೆ' ಅನ್ನುತ್ತದೆ. ಒಂದೇ ಕೇಸಿನಲ್ಲಿ ಇಬ್ಬರು ಸಾಕ್ಷಿಗಳು ಬೇರೆ ಬೇರೆ ಹೇಳಿಕೆ ಕೊಟ್ಟ ಹಾಗೆ. ಆ ಗೊಂದಲಕ್ಕೆ ಹೊಟ್ಟೆ ತೊಳಸುತ್ತದೆ. ಇದಕ್ಕೂ ನಿಮ್ಮ ಧೈರ್ಯಕ್ಕೂ ಸಂಬಂಧವಿಲ್ಲ. ಚಾರ್ಲ್ಸ್ ಡಾರ್ವಿನ್ 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಲೋಕ ಸುತ್ತಿದರು. ಆ ಪ್ರವಾಸದ ಕೊನೆಯವರೆಗೂ ಅವರಿಗೆ ಕಡಲ ವಾಂತಿ ಬಿಡಲಿಲ್ಲ. ಬ್ರಿಟಿಷ್ ನೌಕಾಪಡೆಯ ನೆಲ್ಸನ್ ಅವರಿಗೂ ಇದೇ ಕಾಟ ಇತ್ತು.

ಔಷಧಿ ಅಂಗಡಿಯಲ್ಲಿ ಇದಕ್ಕೆ ಮಾತ್ರೆ ಸಿಗುತ್ತದೆ. ಮೆಕ್ಲಿಜಿನ್, ಡೈಮೆನ್‌ಹೈಡ್ರಿನೇಟ್ ಅಂತ ಹೆಸರು. ಇವನ್ನು ಹೊರಡುವುದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ನುಂಗಬೇಕು. ಬೋಟಿನಲ್ಲಿ ನಾನು ಕಂಡ ಜನ ಮಾಡುವುದು ಇದರ ಉಲ್ಟಾ. 'ಬೇಕಾದರೆ ತಗೊಂಡರಾಯಿತು' ಅಂತ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಹೊಟ್ಟೆ ತಿರುಗಲು ಶುರುವಾದ ಮೇಲೆ ನುಂಗುತ್ತಾರೆ. ಐದು ನಿಮಿಷಕ್ಕೆ ಮಾತ್ರೆಯೂ ಹೊರಗೆ ಬರುತ್ತದೆ. ಇನ್ನೊಂದು ಮಾತು. ಈ ಮಾತ್ರೆಗಳಿಂದ ನಿದ್ದೆ ಬರುತ್ತದೆ. ನಿದ್ದೆಗಣ್ಣಿನಲ್ಲಿ ಈಜುವುದು ಬೇಡ. ಯಾವುದಾದರೂ ರಜೆಯ ದಿನ ಮನೆಯಲ್ಲೇ ಒಂದು ತಗೊಂಡು ನಿಮಗೆ ಎಷ್ಟು ಮಂಪರು ಬರುತ್ತದೆ ಅಂತ ನೋಡಿಕೊಳ್ಳಿ. ಗರ್ಭಿಣಿಯರು, ಗ್ಲಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರು, ಬೇರೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಮಾತ್ರೆ ಬೇಡ ಅನ್ನುವವರು ಶುಂಠಿ ಜಗಿಯಿರಿ. ಕೆಲವರಿಗೆ ಅದರಿಂದ ಹಿತವಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ.

ಕೂರುವ ಜಾಗ ಮಾತ್ರೆಯಷ್ಟೇ ಮುಖ್ಯ. ಬೋಟಿನ ಮೂತಿ ಜಾಸ್ತಿ ಎತ್ತಿ ಹಾಕುತ್ತದೆ. ಫೋಟೋ ಚೆನ್ನಾಗಿ ಬರುತ್ತೆ ಅಂತ ಎಲ್ಲರೂ ಅಲ್ಲಿಗೇ ಓಡುತ್ತಾರೆ. ನೀವು ನಡುವಿಗೆ ಬನ್ನಿ, ಸ್ವಲ್ಪ ಹಿಂದಕ್ಕೆ. ತೀರಾ ಹಿಂದೆ ಹೋದರೆ ಡೀಸೆಲ್ ಹೊಗೆ ಮೂಗಿಗೆ ಹೊಡೆಯುತ್ತದೆ, ಅದು ಇನ್ನೂ ಕೆಟ್ಟದ್ದು. ಕೆಳಗಿನ ಕೋಣೆಯಲ್ಲಿ ಮಲಗುವ ಯೋಚನೆ ಬೇಡ. ನೀರು ಆಕಾಶ ಸೇರುವ ಗೆರೆ ಕಾಣಿಸುತ್ತದಲ್ಲ, ಅದನ್ನೇ ನೋಡುತ್ತಿರಿ. ಮೊಬೈಲ್ ಚೀಲದೊಳಗಿರಲಿ.

ಯಾರೂ ಮೊದಲೇ ಹೇಳದ ವಿಷಯ ಒಂದಿದೆ. ಬೋಟು ಓಡುವಾಗ ಚೆನ್ನಾಗಿದ್ದವರು ಲಂಗರು ಹಾಕಿದ ಮೇಲೆ ಮಲಗಿಬಿಡುತ್ತಾರೆ. ಓಡುವ ಬೋಟು ಅಲೆಯನ್ನು ಸೀಳಿಕೊಂಡು ಹೋಗುತ್ತದೆ. ನಿಂತ ಬೋಟು ಅಲೆ ತೂಗಿದ ಕಡೆಗೆಲ್ಲ ತೂಗುತ್ತದೆ. ಅದೇ ಹೊತ್ತಿಗೆ ತಿಂಡಿಯ ಡಬ್ಬ ಬೇರೆ ತೆರೆಯುತ್ತಾರೆ. ಆದ್ದರಿಂದ ಲಂಗರು ಬಿದ್ದ ತಕ್ಷಣ, ಈಜು ಬರುವುದಾದರೆ, ನೀರಿಗೆ ಇಳಿಯುವವರಲ್ಲಿ ನೀವೇ ಮೊದಲಿಗರಾಗಿ. ನೀರಿನಲ್ಲಿ ತೇಲುತ್ತಿದ್ದಾಗ ಹೆಚ್ಚಿನವರಿಗೆ ಹೊಟ್ಟೆ ಸರಿಯಾಗುತ್ತದೆ. ಆದರೆ ಆಗಲೇ ವಾಂತಿ ಶುರುವಾಗಿದ್ದರೆ ಇಳಿಯಬೇಡಿ.

ಬಂದೇ ಬಿಟ್ಟರೆ? ಗಾಳಿ ನಿಮ್ಮ ಬೆನ್ನಿಗೆ ಬೀಸುವ ಪಕ್ಕಕ್ಕೆ ಹೋಗಿ ಬಗ್ಗಿ. ಗಾಳಿಗೆ ಎದುರಾಗಿ ವಾಂತಿ ಮಾಡಿದವರ ಹಿಂದೆ ಕೂತವರ ಕಥೆ ಇಲ್ಲಿ ಬೇಡ. ಬಗ್ಗುವಾಗ ಬೋಟಿನವರಲ್ಲಿ ಒಬ್ಬರು ಜೊತೆಯಲ್ಲಿರಲಿ, ಇಲ್ಲವೇ ಬಕೆಟ್ ಕೇಳಿ. ನಾವು ಯಾರೂ ಬೈಯುವುದಿಲ್ಲ. ನಮಗೆ ಅದು ದಿನದ ಕೆಲಸ.

ಪ್ರಶ್ನೆ: ಬೆಳಗಿನ ಬೋಟು ಒಳ್ಳೆಯದಾ, ಮಧ್ಯಾಹ್ನದ ಬೋಟಾ? ನಮ್ಮವರಿಗೆ ಬೆಳಿಗ್ಗೆ ಬೇಗ ಏಳುವುದೆಂದರೆ ಆಗುವುದಿಲ್ಲ.

ಉತ್ತರ: ಎಬ್ಬಿಸಿ.

ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ನೆಲದ ಮೇಲಿನ ಬಿಸಿ ಗಾಳಿ ಮೇಲೇರಿದಾಗ ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಇದೇ ಕಡಲ ಗಾಳಿ. ಬಿಸಿಲಿನ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಜೋರಾಗಿ, ಸಂಜೆಯವರೆಗೂ ಇರುತ್ತದೆ. ಬೆಳಿಗ್ಗೆ ನಯವಾಗಿದ್ದ ನೀರು ಮಧ್ಯಾಹ್ನಕ್ಕೆ ಗಿಡ್ಡ ಗಿಡ್ಡ ಅಲೆಗಳಿಂದ ತುಂಬಿಕೊಳ್ಳುತ್ತದೆ. ಹಡಗು ಉರುಳಿಸುವ ಅಲೆ ಏನಲ್ಲ. ಆದರೆ ಕೈಯಲ್ಲಿನ ಜ್ಯೂಸ್ ಚೆಲ್ಲುತ್ತದೆ, ಏಣಿ ಹತ್ತುವಾಗ ಮೊಣಕಾಲು ಬಡಿಯುತ್ತದೆ.

ಬೆಳಗಿನ ಬೋಟಿನಲ್ಲೂ ಒಂದು ಲೆಕ್ಕ ಇದೆ. ನೀರಿನ ಒಳಗೆ ಮೀನು, ಕಲ್ಲು ನೋಡಬೇಕಾದರೆ ಸೂರ್ಯ ಸ್ವಲ್ಪ ಮೇಲೇರಿರಬೇಕು. ಸೂರ್ಯ ಕೆಳಗಿದ್ದಾಗ ಬೆಳಕಿನಲ್ಲಿ ಬಹಳಷ್ಟು ನೀರಿನ ಮೇಲಿಂದಲೇ ಜಾರಿಹೋಗುತ್ತದೆ. ಹಾಗಾಗಿ ಬೆಳಿಗ್ಗೆ ಹೊರಟು, ಬಿಸಿಲು ಏರಿದ ಮೇಲೆ ಈಜಿಗೆ ನಿಲ್ಲಿಸಿ, ಗಾಳಿ ಜೋರಾಗುವ ಮೊದಲು ದಡಕ್ಕೆ ತಿರುಗುವ ಬೋಟು ನನ್ನ ಪ್ರಕಾರ ಅತ್ಯುತ್ತಮ.

ಗಾಳಿಯ ಮುನ್ಸೂಚನೆಯನ್ನು ಹಿಂದಿನ ರಾತ್ರಿ ನೀವೇ ನೋಡಬಹುದು. 1805ರಲ್ಲಿ ಫ್ರಾನ್ಸಿಸ್ ಬ್ಯೂಫೋರ್ಟ್ ಎಂಬ ನೌಕಾಧಿಕಾರಿ ಗಾಳಿಗೆ ಸೊನ್ನೆಯಿಂದ ಹನ್ನೆರಡರವರೆಗೆ ಅಂಕಿ ಕೊಟ್ಟರು. ಇಂದಿಗೂ ಅದೇ ಬಳಕೆಯಲ್ಲಿದೆ. ಅಲ್ಲಲ್ಲಿ ಬಿಳಿ ನೊರೆ ಕಾಣಲು ಶುರುವಾದರೆ 3, ಅಂದರೆ ಗಂಟೆಗೆ ಹನ್ನೆರಡರಿಂದ ಹತ್ತೊಂಬತ್ತು ಕಿಲೋಮೀಟರ್. ಬಿಳಿ ನೊರೆ ಸಾಕಷ್ಟು ಕಡೆ ಕಾಣಿಸಿದರೆ 4. ಮಕ್ಕಳು, ವಯಸ್ಸಾದವರು ಇದ್ದರೆ 4ರ ದಿನ ನಾನಾದರೆ ಹೊರಡುವುದಿಲ್ಲ. ಗಾಳಿ ಮಾತ್ರ ನೋಡಿದರೂ ಸಾಲದು. ದೂರದಲ್ಲೆಲ್ಲೋ ಎದ್ದ ಬಿರುಗಾಳಿಯ ದೊಡ್ಡ ಅಲೆಗಳು ಗಾಳಿಯೇ ಇಲ್ಲದ ದಿನವೂ ನಿಮ್ಮ ದಡಕ್ಕೆ ಬರುತ್ತವೆ. ಮುನ್ಸೂಚನೆಯಲ್ಲಿ ಅಲೆಯ ಎತ್ತರ ಬೇರೆಯಾಗಿ ಕೊಟ್ಟಿರುತ್ತಾರೆ, ಅದನ್ನೂ ನೋಡಿ. ಜೋರು ಮಳೆಯ ಮಾರನೇ ದಿನ ನೀರು ಕದಡಿರುತ್ತದೆ. ನದಿ ಸೇರುವ ಕಡೆಯಂತೂ ದಡದ ಕೊಳೆಯೆಲ್ಲ ಅಲ್ಲಿಗೇ ಬಂದಿರುತ್ತದೆ. ಅಂಥ ದಿನ ಬೋಟು ಸುತ್ತಿ, ಈಜು ಬಿಡಿ.

ಪ್ರಶ್ನೆ: ನನಗೆ ಈಜು ಬರುವುದಿಲ್ಲ. 'ಲೈಫ್ ಜಾಕೆಟ್ ಹಾಕಿದರೆ ಸಾಕು, ಏನೂ ಆಗಲ್ಲ, ಎಲ್ಲರ ಮುಂದೆ ಹೆದರಬೇಡ' ಅಂತಾರೆ ಯಜಮಾನರು. ಇಳಿಯಲೇಬೇಕಾ?

ಉತ್ತರ: ಇಳಿಯಲೇಬೇಕು ಅಂತ ಯಾವ ಬೋಟಿನಲ್ಲೂ ನಿಯಮವಿಲ್ಲ ತಾಯಿ. ಮೇಲೆ ಕೂತು ಕಾಲು ಚಾಚಿಕೊಂಡು ತಿಂಡಿ ತಿನ್ನುವವರು ಪ್ರತಿ ಬೋಟಿನಲ್ಲೂ ಇರುತ್ತಾರೆ. ಅವರ ಮುಖ ನೋಡಿದರೆ ಕಳೆದುಕೊಂಡವರ ಹಾಗೆ ಕಾಣುವುದಿಲ್ಲ.

ಆದರೆ ನಿಮಗೇ ಆಸೆ ಇದ್ದರೆ, ದಾರಿ ಇದೆ. ಯಜಮಾನರ ಮಾತಿನಲ್ಲಿ ಅರ್ಧ ಸತ್ಯ ಇದೆ. ಸರಿಯಾಗಿ ಹಾಕಿದ ಜಾಕೆಟ್ ನಿಮ್ಮನ್ನು ತೇಲಿಸುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುವುದರಿಂದ ಕೆರೆ, ಹೊಳೆಗಿಂತ ಅದು ಸ್ವಲ್ಪ ಜಾಸ್ತಿಯೇ ಎತ್ತಿ ಹಿಡಿಯುತ್ತದೆ. ಉಳಿದರ್ಧ ಸತ್ಯ 'ಸರಿಯಾಗಿ ಹಾಕಿದ' ಅನ್ನುವುದರಲ್ಲಿದೆ. ಎಲ್ಲ ಬಕಲ್ ಹಾಕಿ, ಪಟ್ಟಿ ಎಳೆದು ಬಿಗಿ ಮಾಡಿ. ಆಮೇಲೆ ಯಾರಾದರೂ ನಿಮ್ಮ ಹೆಗಲ ಮೇಲೆ ಜಾಕೆಟ್ ಹಿಡಿದು ಮೇಲಕ್ಕೆ ಎತ್ತಲಿ. ಅದು ಕಿವಿಯವರೆಗೆ ಬಂದರೆ ದೊಡ್ಡದಾಯಿತು, ಬೇರೆ ಕೇಳಿ. ಬೆವರು ಅಂತ ಬಕಲ್ ಬಿಚ್ಚಿಕೊಂಡು ಓಡಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾಗೆ ನೀರಿಗೆ ಬಿದ್ದರೆ ಜಾಕೆಟ್ ಮೇಲೆ, ಮನುಷ್ಯ ಕೆಳಗೆ.

ಇಳಿಯುವ ಕ್ರಮ ಹೇಳುತ್ತೇನೆ. ಇಂಜಿನ್ ಪೂರ್ತಿ ನಿಂತಿದೆಯಾ ಅಂತ ಮೊದಲು ಕೇಳಿ. ಗೇರ್ ತೆಗೆದಿದ್ದಾರೆ ಅನ್ನುವುದು ಸಾಲದು, ಇಂಜಿನ್ನೇ ನಿಂತಿರಬೇಕು. ಕೆಳಗೆ ತಿರುಗುವ ಪ್ರೊಪೆಲ್ಲರ್ ಕಾಣುವುದಿಲ್ಲ. ಏಣಿಯ ಮೇಲೆ ಬೋಟಿಗೆ ಮುಖ ಮಾಡಿ, ಒಂದೊಂದೇ ಮೆಟ್ಟಿಲು ಇಳಿಯಿರಿ. ಹಾರಬೇಡಿ. ನೀರು ತಣ್ಣಗಿದ್ದರೆ ಮೊದಲ ಒಂದೆರಡು ನಿಮಿಷ ಉಸಿರು ತಾನಾಗಿ ಏದುಸಿರಾಗುತ್ತದೆ. ಆಗ ತಲೆ ನೀರೊಳಗೆ ಇದ್ದರೆ ಕಷ್ಟ. ಸೊಂಟದವರೆಗೆ ಇಳಿದು, ಏಣಿ ಹಿಡಿದೇ ನಿಂತು, ಮುಖಕ್ಕೆ ನೀರು ಹಾಕಿಕೊಂಡು, ಉಸಿರು ಸಮ ಆಗುವವರೆಗೆ ಕಾಯಿರಿ. ಆಮೇಲೆ ಬೆನ್ನ ಮೇಲೆ ಒರಗಿ. ಹೊಟ್ಟೆ ಮೇಲಕ್ಕೆ, ಕಿವಿ ನೀರಿನಲ್ಲಿ, ಕಣ್ಣು ಆಕಾಶಕ್ಕೆ. ಹೆದರಿದವರು ತಲೆ ಎತ್ತುತ್ತಾರೆ. ತಲೆ ಎತ್ತಿದ ಕೂಡಲೇ ಸೊಂಟ ಮುಳುಗುತ್ತದೆ.

ಒಳ್ಳೆಯ ಬೋಟುಗಳಲ್ಲಿ ಹಿಂದಿನಿಂದ ಒಂದು ಉದ್ದ ಹಗ್ಗಕ್ಕೆ ತೇಲುವ ಬಳೆ ಕಟ್ಟಿ ಬಿಟ್ಟಿರುತ್ತಾರೆ. ನಿಮ್ಮ ಲೋಕ ಆ ಹಗ್ಗದ ಉದ್ದದಷ್ಟೇ ಇರಲಿ. ಯಾಕೆ ಅಂದರೆ ನೀರಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ. ಸುಮ್ನೆ ತೇಲುತ್ತಿದ್ದೇನೆ ಅಂದುಕೊಂಡವರು ತಿರುಗಿ ನೋಡುವಷ್ಟರಲ್ಲಿ ಬೋಟು ಎಲ್ಲೋ ಇರುತ್ತದೆ. ಈಜು ಬರುವವರೂ ಕೇಳಿಸಿಕೊಳ್ಳಿ: ಮೊದಲು ಸೆಳೆತಕ್ಕೆ ಎದುರಾಗಿ ಈಜಿ. ದಣಿದ ಮೇಲೆ ಅದೇ ನಿಮ್ಮನ್ನು ಬೋಟಿಗೆ ತಂದು ಬಿಡುತ್ತದೆ. ಉಲ್ಟಾ ಮಾಡಿದರೆ ದಣಿದ ಕೈಯಲ್ಲಿ ಎದುರು ಈಜಬೇಕು.

ಯಜಮಾನರಿಗೂ ಒಂದು ಮಾತು ಓದಿ ಹೇಳಿ. ಮುಳುಗುವವರು ಸಿನಿಮಾದಲ್ಲಿ ಕೂಗುವ ಹಾಗೆ ಕೂಗುವುದಿಲ್ಲ. ಉಸಿರಿಗೇ ಬಾಯಿ ಸಾಲದಿರುವಾಗ ಕೂಗು ಎಲ್ಲಿಂದ ಬರಬೇಕು? ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ, ಕೈ ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿದ್ದರೆ ಅದೇ ಸೂಚನೆ. ಹೆಂಡತಿ ನೀರಿನಲ್ಲಿ ಸುಮ್ಮನಾದರೆ ಆರಾಮಾಗಿದ್ದಾಳೆ ಅಂದುಕೊಳ್ಳದೆ ಹತ್ತಿರ ಹೋಗಿ ಮಾತಾಡಿಸಲಿ.

ಪ್ರಶ್ನೆ: ಐದು ವರ್ಷದ ಮಗ, ಎಪ್ಪತ್ತು ದಾಟಿದ ಅತ್ತೆ. ಇಬ್ಬರನ್ನೂ ಕರೆದುಕೊಂಡು ಹೋಗಬಹುದಾ?

ಉತ್ತರ: ಹೋಗಬಹುದು, ಆದರೆ ನೋಡಿಕೊಳ್ಳುವವರು ಒಬ್ಬೊಬ್ಬರಿಗೆ ಒಬ್ಬೊಬ್ಬರು ಬೇಕು. ಇಬ್ಬರನ್ನೂ ನಾನೇ ನೋಡಿಕೊಳ್ಳುತ್ತೇನೆ ಅಂತ ಹೊರಟರೆ ನಿಮಗೆ ಅದು ಪ್ರವಾಸ ಅಲ್ಲ.

ಮಗುವಿಗೆ ಮಗುವಿನ ಜಾಕೆಟ್ಟೇ ಬೇಕು. ಅದನ್ನು ವಯಸ್ಸು ನೋಡಿ ಕೊಡುವುದಿಲ್ಲ, ತೂಕ ನೋಡಿ ಕೊಡುತ್ತಾರೆ. ತೂಕದ ಮಿತಿ ಜಾಕೆಟ್‌ನ ಒಳಗೆ ಬರೆದಿರುತ್ತದೆ. ಬುಕ್ ಮಾಡುವಾಗಲೇ ಮಗುವಿನ ತೂಕ ಹೇಳಿ, ಆ ಅಳತೆಯದು ಇದೆಯಾ ಅಂತ ಕೇಳಿ. ಕಾಲುಗಳ ನಡುವೆ ಹಾಯುವ ಪಟ್ಟಿ ಇರಲಿ, ಇಲ್ಲದಿದ್ದರೆ ಜಾಕೆಟ್ ತಲೆಯಿಂದ ಕಳಚಿಬರಬಹುದು. ತೋಳಿಗೆ ಹಾಕುವ ಗಾಳಿ ತುಂಬಿದ ಬಳೆಗಳು ಆಟದ ಸಾಮಾನು, ಜೀವ ಉಳಿಸುವ ಸಾಮಾನಲ್ಲ. ನೀರಿನಲ್ಲಿ ಮಗು ನಿಮ್ಮ ಕೈಗೆ ಎಟುಕುವಷ್ಟು ದೂರದಲ್ಲೇ ಇರಬೇಕು. ತುಟಿ ನೀಲಿಯಾಗಿ ಹಲ್ಲು ಕಟಕಟ ಅಂದರೆ ಈಜು ಮುಗಿಯಿತು. 'ಇನ್ನೈದು ನಿಮಿಷ' ಅಂತ ಅಳುತ್ತದೆ, ಅಳಲಿ. ನೀರು ಗಾಳಿಗಿಂತ ಇಪ್ಪತ್ತೈದು ಪಟ್ಟು ಬೇಗ ಮೈಶಾಖ ಎಳೆದುಕೊಳ್ಳುತ್ತದೆ, ಪುಟ್ಟ ಮೈಯಲ್ಲಿ ಶಾಖವೂ ಕಡಿಮೆ.

ಅತ್ತೆಯವರ ವಿಷಯದಲ್ಲಿ ಕಡಲಿಗಿಂತ ದಕ್ಕೆಯೇ (ಬೋಟು ನಿಲ್ಲುವ ಕಟ್ಟೆ) ಕಷ್ಟ. ಬೋಟಿಗೆ ಹತ್ತುವ, ಇಳಿಯುವ ಆ ಒಂದು ಹೆಜ್ಜೆ. ಉಬ್ಬರ ಇಳಿತಕ್ಕೆ ತಕ್ಕಂತೆ ಬೋಟು ದಕ್ಕೆಗಿಂತ ಮೇಲೋ ಕೆಳಗೋ ಇರುತ್ತದೆ. ಹೋಗುವಾಗ ಸಲೀಸಾಗಿದ್ದ ಹೆಜ್ಜೆ ಬರುವಾಗ ಎತ್ತರದ ಮೆಟ್ಟಿಲಾಗಿರಬಹುದು. ಹತ್ತಲು ಹಲಗೆ ಹಾಕುತ್ತಾರಾ, ಬೆನ್ನಿಗೆ ಆಸರೆ ಇರುವ ಸೀಟು ನೆರಳಿನಲ್ಲಿ ಇದೆಯಾ, ಇಷ್ಟು ವಿಚಾರಿಸಿ. ಓಡುವ ಬೋಟಿನಲ್ಲಿ ಎದ್ದು ನಡೆಯುವಾಗ ಒಂದು ಕೈ ಸದಾ ಕಂಬಿ ಹಿಡಿದಿರಲಿ. ಈ ಮಾತು ಅತ್ತೆಗೆ ಮಾತ್ರ ಅಲ್ಲ.

ಪ್ರಶ್ನೆ: ತಿಂಡಿ ಏನು ಒಯ್ಯಬೇಕು? ತಿಂದ ಮೇಲೆ ಒಂದು ಗಂಟೆ ನೀರಿಗೆ ಇಳಿಯಬಾರದು ಅನ್ನುತ್ತಾರಲ್ಲ, ನಿಜವೇ? ಹಾಗಾದರೆ ಬೋಟಿನಲ್ಲಿ ತಿನ್ನುವುದು ಯಾವಾಗ, ಈಜುವುದು ಯಾವಾಗ?

ಉತ್ತರ: ನನಗೆ ಇಷ್ಟವಾದ ಪ್ರಶ್ನೆ. ತಿಂಡಿ ನನ್ನ ಇಲಾಖೆ.

ಒಂದು ಗಂಟೆಯ ಮಾತನ್ನು ನನ್ನ ಅಮ್ಮನೂ ಹೇಳುತ್ತಿದ್ದರು. ಆದರೆ ಅಮೆರಿಕದ ರೆಡ್ ಕ್ರಾಸ್‌ನ ತಜ್ಞರು 2011ರಲ್ಲಿ ಇದ್ದಬದ್ದ ಅಧ್ಯಯನಗಳನ್ನೆಲ್ಲ ತಿರುವಿ ಹಾಕಿದಾಗ, ಊಟ ಮಾಡಿ ಈಜಿದ್ದರಿಂದ ಜನ ಮುಳುಗುತ್ತಾರೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ನಾಲ್ಕು ಬಿಸ್ಕತ್ತು ತಿಂದು ಇಳಿದರೆ ಏನೂ ಆಗುವುದಿಲ್ಲ. ಹೊಟ್ಟೆ ಬಿರಿಯ ತಿಂದು ಇಳಿದರೆ ಈಜಲು ಭಾರ, ವಾಂತಿಗೆ ಹತ್ತಿರ, ಅಷ್ಟೇ. ಮುಳುಗುವುದಕ್ಕೆ ನಿಜವಾದ ಕಾರಣ ಬೇರೆ ಇದೆ, ಅದು ಬಾಟಲಿಯಲ್ಲಿರುತ್ತದೆ. ಕುಡಿದವರು ನೀರಿಗೆ ಇಳಿಯಬಾರದು. ಬಿಯರ್ ಕುಡಿದವರೂ ಕುಡಿದವರೇ. ಬೇಕೇ ಬೇಕು ಅನ್ನುವವರು ದಡಕ್ಕೆ ಬಂದು ಕುಡಿಯಲಿ.

ನನ್ನ ಲೆಕ್ಕ ಹೀಗೆ. ಹೊರಡುವ ಒಂದೂವರೆ ಗಂಟೆ ಮೊದಲು ಮನೆಯಲ್ಲೇ ಸಾಧಾರಣ ತಿಂಡಿ. ಎಣ್ಣೆಯದ್ದು ಬೇಡ, ಖಾಲಿ ಹೊಟ್ಟೆಯೂ ಬೇಡ. ಖಾಲಿ ಹೊಟ್ಟೆಯವರಿಗೇ ಹೊಟ್ಟೆ ತೊಳಸುವುದು ಜಾಸ್ತಿ. ಈಜಿಗೆ ಮೊದಲು ಒಣ ಬಿಸ್ಕತ್ತು, ಒಂದು ತುಂಡು ಬ್ರೆಡ್ಡು. ಈಜಿ ಮೇಲೆ ಬಂದ ಮೇಲೆ ನಿಜವಾದ ತಿಂಡಿ. ಆಗಿನ ಹಸಿವು ಬೇರೆಯೇ, ಮನೆಯಲ್ಲಿ ಮುಟ್ಟದ್ದನ್ನೂ ಮಕ್ಕಳು ಕೇಳಿ ತಿನ್ನುತ್ತಾರೆ.

ಏನು ಒಯ್ಯಬೇಕು ಅಂದರೆ, ಒದ್ದೆ ಕೈಯಲ್ಲಿ, ಅಲುಗಾಡುವ ಬೋಟಿನಲ್ಲಿ, ಒಂದೇ ಕೈಯಿಂದ ತಿನ್ನಲು ಆಗುವಂಥದ್ದು. ಚಮಚ ಬೇಕಾದದ್ದು ಬೇಡ. ಪುಡಿ ಉದುರುವುದು ಬೇಡ, ಗಾಳಿಗೆ ಪಕ್ಕದವರ ಕಣ್ಣಿಗೇ ಹೋಗುತ್ತದೆ. ಹೆಚ್ಚಿದ ಹಣ್ಣು ತಂಪಾಗಿದ್ದರೆ ಅದರ ಮುಂದೆ ಯಾವುದೂ ಇಲ್ಲ. ಕಿತ್ತಳೆ, ಕಲ್ಲಂಗಡಿ ಬೇಗ ಖಾಲಿಯಾಗುತ್ತವೆ. ಬೆವರಿಗೆ, ನೀರಿಗೆ ಒಂದಿಷ್ಟು ಉಪ್ಪಿನ ತಿಂಡಿ ಇರಲಿ. ಚಾಕೊಲೇಟು ಕರಗಿ ಕೈಗೆ, ಸೀಟಿಗೆ, ಕೊನೆಗೆ ನನ್ನ ಒರೆಸುವ ಬಟ್ಟೆಗೆ ಬರುತ್ತದೆ. ಮೊಟ್ಟೆ, ಮಾಂಸ, ಕ್ರೀಮು, ಮೇಯನೇಸ್ ಇರುವುದು ಐಸ್ ಪೆಟ್ಟಿಗೆ ಇಲ್ಲದೆ ಬೇಡವೇ ಬೇಡ. ಅಂಥ ಆಹಾರ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, 32 ಡಿಗ್ರಿ ದಾಟಿದ ಬಿಸಿಲಿನಲ್ಲಿ ಒಂದೇ ಗಂಟೆ. ಬೋಟಿನ ಡೆಕ್ಕು ಅದಕ್ಕಿಂತ ಬಿಸಿಯಾಗಿರುತ್ತದೆ. ಕುಡಿಯುವ ನೀರು ನಿಮಗೆ ಬೇಕು ಅನ್ನಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ.

ಒಂದು ಜಗಳ ಮಾತ್ರ ನಾನು ಪ್ರತಿ ಸಲ ಆಡಿದ್ದೇನೆ. 'ಬಾಳೆಹಣ್ಣಿನ ಸಿಪ್ಪೆ ತಾನೆ, ಕೊಳೆತು ಹೋಗುತ್ತೆ' ಅಂತ ನೀರಿಗೆ ಎಸೆಯುವವರ ಜೊತೆ. ಹಡಗುಗಳಿಗೆ ಮಾರ್‌ಪೋಲ್ ಅಂತ ಅಂತರರಾಷ್ಟ್ರೀಯ ಒಪ್ಪಂದ ಇದೆ. ಅದರ ಕಸದ ನಿಯಮ 1988ರ ಕೊನೆಯಲ್ಲಿ ಜಾರಿಗೆ ಬಂತು. ಪ್ಲಾಸ್ಟಿಕ್ ಅನ್ನು ಕಡಲಿನಲ್ಲಿ ಎಲ್ಲಿಯೂ ಎಸೆಯುವಂತಿಲ್ಲ. ಅರೆಯದ ಆಹಾರದ ಕಸವನ್ನು ದಡದಿಂದ ಹನ್ನೆರಡು ನಾಟಿಕಲ್ ಮೈಲಿಯ (ಸುಮಾರು 22 ಕಿಲೋಮೀಟರ್) ಒಳಗೆ ಎಸೆಯುವಂತಿಲ್ಲ. ಅರ್ಧ ದಿನದ ಬೋಟು ಅಷ್ಟು ದೂರ ಹೋಗುವುದೇ ಇಲ್ಲ. ಸಿಪ್ಪೆ ಡಬ್ಬಕ್ಕೇ ವಾಪಸ್. ಮೀನಿಗೆ ಬ್ರೆಡ್ ಹಾಕುವುದೂ ಬೇಡ. ಅದು ಅವುಗಳ ಊಟ ಅಲ್ಲ. ರೂಢಿಯಾದ ಮೀನುಗಳು ಆಮೇಲೆ ಈಜುವವರ ಬೆರಳು ಕಚ್ಚಲು ಬರುತ್ತವೆ.

ಪ್ರಶ್ನೆ: ಕನ್ನಡಕ ತೆಗೆದರೆ ನನಗೆ ಎದುರಿನವರ ಮುಖವೇ ಕಾಣುವುದಿಲ್ಲ. ನೀರಿನೊಳಗೆ ನೋಡುವ ಮಾಸ್ಕ್ ಹಾಕಿ ಏನು ಪ್ರಯೋಜನ? ಗೆಳೆಯನ ಮಾಸ್ಕ್ ಬೇರೆ ಮಂಜು ಕಟ್ಟುತ್ತಿತ್ತಂತೆ.

ಉತ್ತರ: ಪ್ರಯೋಜನ ಇದೆ. ಬೆಳಕು ನೀರಿನಿಂದ ಮಾಸ್ಕಿನೊಳಗಿನ ಗಾಳಿಗೆ ಬರುವಾಗ ಬಾಗುತ್ತದೆ. ಹಾಗಾಗಿ ನೀರಿನೊಳಗಿನ ವಸ್ತು ಇರುವುದಕ್ಕಿಂತ ಕಾಲು ಭಾಗ ಹತ್ತಿರ, ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತದೆ. ದೂರದ್ದು ಸ್ವಲ್ಪ ಮಸುಕಾಗಿ ಕಾಣುವವರಿಗೆ ಇದೇ ಸಾಕಾಗಬಹುದು. ಬೋಟಿಗೆ ಬಂದು 'ಇಷ್ಟು ದೊಡ್ಡ ಮೀನು' ಅಂತ ಕೈ ಅಗಲಿಸುವವರೂ ಸುಳ್ಳು ಹೇಳುತ್ತಿರುವುದಿಲ್ಲ, ಪಾಪ. ನಿಮ್ಮಷ್ಟು ಪವರ್ ಇದ್ದರೆ ಪವರ್ ಇರುವ ಗಾಜಿನ ಮಾಸ್ಕ್ ಸಿಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ನೀರಿಗೆ ಇಳಿಯುವುದು ಬೇಡ ಅನ್ನುತ್ತಾರೆ ಕಣ್ಣಿನ ಡಾಕ್ಟರುಗಳು. ನೀರಿನಲ್ಲಿರುವ ಸೂಕ್ಷ್ಮಜೀವಿ ಲೆನ್ಸ್ ಕೆಳಗೆ ಸೇರಿಕೊಂಡರೆ ಕಣ್ಣಿಗೇ ಅಪಾಯ.

ಮಂಜಿಗೆ ಹಳೆಯ ಮದ್ದು ಎಂಜಲು. ಒಣ ಗಾಜಿನ ಒಳಗೆ ಉಗುಳಿ, ಬೆರಳಲ್ಲಿ ಉಜ್ಜಿ, ಕಡಲ ನೀರಿನಲ್ಲಿ ಒಮ್ಮೆ ಜಾಲಿಸಿ. ಅಸಹ್ಯ ಅನ್ನಿಸಿದರೆ ಮಕ್ಕಳ ಶಾಂಪೂ ಒಂದು ಹನಿ. ಹೊಸ ಮಾಸ್ಕ್ ಆದರೆ ಗಾಜಿಗೆ ಕಾರ್ಖಾನೆಯ ತೆಳು ಪದರ ಅಂಟಿರುತ್ತದೆ, ಮನೆಯಲ್ಲೇ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ತೊಳೆಯಿರಿ. ನೀರು ನುಗ್ಗಿದರೆ ಪಟ್ಟಿ ಬಿಗಿ ಮಾಡುವ ಮೊದಲು ಅಂಚಿನಲ್ಲಿ ಕೂದಲು ಸಿಕ್ಕಿದೆಯಾ ನೋಡಿ. ಮೀಸೆಯವರಿಗೆ ಸ್ವಲ್ಪ ನೀರು ಬಂದೇ ಬರುತ್ತದೆ. ಮೀಸೆಯ ಮೇಲೆ ವ್ಯಾಸಲೀನ್ ಹಚ್ಚಿಕೊಳ್ಳುವವರಿದ್ದಾರೆ.

ಪ್ರಶ್ನೆ: ನಾನು ಕಪ್ಪು. ಸನ್‌ಸ್ಕ್ರೀನ್ ನನಗೂ ಬೇಕಾ? ಅವತ್ತು ಮೋಡ ಇದ್ದರೆ?

ಉತ್ತರ: ಎರಡಕ್ಕೂ ಬೇಕು. ಕಪ್ಪು ಮೈ ನಿಧಾನವಾಗಿ ಸುಡುತ್ತದೆ, ಸುಡುವುದೇ ಇಲ್ಲ ಅಂತಲ್ಲ. ತೆಳು ಮೋಡ ಸೆಕೆ ತಡೆದರೂ ಅತಿನೇರಳೆ ಕಿರಣ ತಡೆಯುವುದಿಲ್ಲ. ಎಸ್‌ಪಿಎಫ್ (ಡಬ್ಬಿಯ ಮೇಲಿರುವ ರಕ್ಷಣೆಯ ಅಂಕಿ) 30 ಇದ್ದರೆ ಸುಡುವ ಕಿರಣದ ನೂರರಲ್ಲಿ 97 ಪಾಲು ತಡೆಯುತ್ತದೆ, 50 ಇದ್ದರೆ 98. ವ್ಯತ್ಯಾಸ ಅಷ್ಟೇ. ಆದ್ದರಿಂದ ದೊಡ್ಡ ಅಂಕಿಗಿಂತ ಮತ್ತೆ ಮತ್ತೆ ಹಚ್ಚುವುದು ಮುಖ್ಯ. ಎರಡು ಗಂಟೆಗೊಮ್ಮೆ, ನೀರಿನಿಂದ ಬಂದ ಕೂಡಲೇ ಇನ್ನೊಮ್ಮೆ. ನಾನು ಹೇಳುವುದಾದರೆ ಉದ್ದ ತೋಳಿನ ಈಜು ಅಂಗಿ ಹಾಕಿ. ಮುಖ ಕೆಳಗೆ ಮಾಡಿ ಮೀನು ನೋಡುವವರ ಬೆನ್ನು, ಮೊಣಕಾಲ ಹಿಂಭಾಗ ಸುಡುವಷ್ಟು ಬೇರೆ ಏನೂ ಸುಡುವುದಿಲ್ಲ. ಹವಳದ ದಂಡೆ ಇರುವ ಕಡೆ ಹೋಗುವುದಾದರೆ ಸನ್‌ಸ್ಕ್ರೀನ್ ಡಬ್ಬಿಯ ಹಿಂದೆ ಓದಿ. ಹವಳಕ್ಕೆ ಹಾನಿ ಅನ್ನುವ ಕಾರಣಕ್ಕೆ ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಅಮೆರಿಕದ ಹವಾಯಿ ರಾಜ್ಯ 2021ರಿಂದ ನಿಲ್ಲಿಸಿದೆ.

ಪ್ರಶ್ನೆ: ಜೆಲ್ಲಿ ಮೀನು ಕುಟುಕಿದರೆ ಮೂತ್ರ ಹಾಕಬೇಕಂತೆ, ಹೌದಾ?

ಉತ್ತರ: ಬೇಡ! ಯಾರಿಗೂ ಮಾಡಬೇಡಿ. ಮಣ್ಣು, ಸಿಹಿನೀರು ಹಾಕಿ ಉಜ್ಜುವುದೂ ಬೇಡ, ಚರ್ಮಕ್ಕೆ ಅಂಟಿದ ವಿಷದ ಕಣಗಳು ಇನ್ನಷ್ಟು ಸಿಡಿಯುತ್ತವೆ. ಕಡಲ ನೀರಿನಿಂದ ತೊಳೆಯಿರಿ, ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆಯಿರಿ, ಬರಿಗೈ ಹಾಕಬೇಡಿ. ಆಮೇಲೆ ತಡೆದುಕೊಳ್ಳುವಷ್ಟು ಬಿಸಿನೀರು, ಸುಮಾರು 45 ಡಿಗ್ರಿಯವರೆಗೆ, ಇಪ್ಪತ್ತು ನಿಮಿಷವಾದರೂ. ವಿನೆಗರ್ ಕೆಲವು ಜಾತಿಗೆ ಒಳ್ಳೆಯದು, ಕೆಲವಕ್ಕೆ ಅಲ್ಲ. ಆ ನೀರಿನಲ್ಲಿ ಯಾವ ಜಾತಿ ಬರುತ್ತದೆ ಅಂತ ಬೋಟಿನವರಿಗೆ ಗೊತ್ತಿರುತ್ತದೆ, ಅವರ ಮಾತು ಕೇಳಿ. ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ, ಮುಖ ಊದಿದರೆ ಈ ಮನೆಮದ್ದು ಯಾವುದೂ ಅಲ್ಲ, ತಕ್ಷಣ ದಡ ಮತ್ತು ಆಸ್ಪತ್ರೆ.

ಪ್ರಶ್ನೆ: ಅವತ್ತೇ ಮುಟ್ಟು ಬಂದರೆ? (ಹೆಸರು ಹಾಕಬೇಡಿ.)

ಉತ್ತರ: ಒಳಗೆ ಇಡುವ ಟ್ಯಾಂಪೂನ್ ಅಥವಾ ಮುಟ್ಟಿನ ಕಪ್ ಬಳಸಿ ಅಭ್ಯಾಸ ಇದ್ದರೆ ಧಾರಾಳವಾಗಿ ಈಜಿ. ಪ್ಯಾಡ್ ನೀರು ಹೀರಿ ಭಾರವಾಗುತ್ತದೆ, ಅದರಲ್ಲಿ ಆಗುವುದಿಲ್ಲ. ಕಪ್ ಬಳಸುವುದನ್ನು ಬೋಟಿನಲ್ಲಿ ಮೊದಲ ಸಲ ಕಲಿಯಲು ಹೋಗಬೇಡಿ. ಮೇಲೆ ಕೂರುತ್ತೇನೆ ಅಂದರೆ ಅದೂ ಸರಿ, ಯಾರಿಗೂ ಕಾರಣ ಹೇಳಬೇಕಾಗಿಲ್ಲ.

ಪ್ರಶ್ನೆ: ಕಳೆದ ತಿಂಗಳು ನಾವು ಹೋದ ಬೋಟು ಅರ್ಧ ದಾರಿಯಲ್ಲೇ ತಿರುಗಿತು. ಆಕಾಶ ನೀಲಿಯಾಗಿತ್ತು, ಬಿಸಿಲಿತ್ತು. ಈಜಲು ಬಿಡಲಿಲ್ಲ. ದುಡ್ಡು ವಾಪಸ್ ಕೇಳಿದರೆ 'ಇನ್ನೊಂದು ದಿನ ಬನ್ನಿ' ಅಂದರು. ಇದು ಮೋಸ ಅಲ್ವಾ?

ಉತ್ತರ: ನಿಮ್ಮ ಬೇಜಾರು ಅರ್ಥವಾಗುತ್ತದೆ. ದುಡ್ಡಿನ ವಿಷಯದಲ್ಲಿ ನಿಮ್ಮ ಕಡೆ, ತಿರುಗಿಸಿದ ವಿಷಯದಲ್ಲಿ ಬೋಟಿನವರ ಕಡೆ ನಾನು.

ಆಕಾಶ ನೀಲಿಯಾಗಿದ್ದರೆ ಕಡಲು ಸರಿ ಇದೆ ಅಂತಲ್ಲ. ದೂರದ ಅಲೆಯ ಮಾತು ಮೇಲೆ ಹೇಳಿದ್ದೇನೆ. ಲಂಗರು ಹಾಕುವ ಜಾಗದಲ್ಲಿ ಅಲೆ ಬಂಡೆಗೆ ಹೊಡೆಯುತ್ತಿದ್ದರೆ, ಸೆಳೆತ ಜೋರಾಗಿದ್ದರೆ, ಏಣಿಯ ಹತ್ತಿರ ಬೋಟಿನ ಹಿಂಭಾಗ ಎದ್ದು ಬೀಳುತ್ತಿದ್ದರೆ ಈಜು ನಿಲ್ಲಿಸಲೇಬೇಕು. ಎದ್ದು ಬೀಳುವ ಏಣಿ ತಲೆಗೆ ಬಡಿದರೆ ಏನಾಗುತ್ತದೆ ಅಂತ ಯೋಚಿಸಿ. ಬೋಟು ತುಂಬ ಜನ 'ಬಂದದ್ದಕ್ಕೆ ಐದು ನಿಮಿಷ ಬಿಡಿ' ಅಂತ ಕೂಗುತ್ತಿರುವಾಗ ಇಲ್ಲ ಅನ್ನುವುದು ಸುಲಭ ಅಲ್ಲ. ನಾನು ಕೆಲಸ ಮಾಡಿದವರಲ್ಲಿ ನನಗೆ ಗೌರವ ಇದ್ದದ್ದು ಹಾಗೆ ಇಲ್ಲ ಅನ್ನುತ್ತಿದ್ದವರ ಮೇಲೆ. ಎಲ್ಲದಕ್ಕೂ ಹೂಂ ಅನ್ನುತ್ತಿದ್ದವರ ಬೋಟಿಗೆ ನನ್ನ ಮಗಳನ್ನು ನಾನು ಹತ್ತಿಸಿಲ್ಲ.

ದುಡ್ಡು ಬೇರೆ ಮಾತು. ಹವಾಮಾನ ಕೆಟ್ಟರೆ ಪೂರ್ತಿ ವಾಪಸ್ಸಾ, ಬೇರೆ ದಿನವಾ, ಅರ್ಧಕ್ಕೆ ತಿರುಗಿದರೆ ಏನು, ಇದನ್ನು ಬುಕ್ ಮಾಡುವಾಗಲೇ ಕೇಳಿ ಬರೆಸಿಕೊಳ್ಳಬೇಕು. ಮೆಸೇಜಿನಲ್ಲಿ ಇದ್ದರೂ ಸಾಕು. ಅದರ ಜೊತೆಗೇ ಎಷ್ಟು ಜನರಿಗೆ ಅನುಮತಿ ಇದೆ, ಎಲ್ಲರಿಗೂ ಜಾಕೆಟ್ ಇದೆಯಾ, ರೇಡಿಯೋ ಇದೆಯಾ, ಎಲ್ಲರೂ ಈಜುತ್ತಿರುವಾಗ ಬೋಟಿನ ಮೇಲೆ ನೋಡುತ್ತಾ ನಿಲ್ಲುವವರು ಯಾರು, ಇಷ್ಟನ್ನೂ ಕೇಳಿ. ಕೊನೆಯದಕ್ಕೆ ತಡವರಿಸಿದರೆ ಬೇರೆ ಬೋಟು ಹುಡುಕಿ. ಮೊದಲೇ ಏನೂ ಬರೆಸಿಕೊಂಡಿಲ್ಲ ಅಂದರೆ, 'ಇನ್ನೊಂದು ದಿನ ಬನ್ನಿ' ಅಂದವರ ಹತ್ತಿರ ಆ ದಿನವನ್ನಾದರೂ ಈಗಲೇ ಗುರುತು ಹಾಕಿಸಿಕೊಳ್ಳಿ.

ಪ್ರಶ್ನೆ: ಕೇಳಲು ನಾಚಿಕೆ. ಬೋಟಿನಲ್ಲಿ ಟಾಯ್ಲೆಟ್ ಇರುತ್ತದಾ?

ಉತ್ತರ: ದೊಡ್ಡ ಬೋಟಿನಲ್ಲಿ ಇರುತ್ತದೆ, ಚಿಕ್ಕದರಲ್ಲಿ ಇರುವುದಿಲ್ಲ. ಬುಕ್ ಮಾಡುವಾಗ ಕೇಳಿ, ನಮಗೆ ಈ ಪ್ರಶ್ನೆ ದಿನಕ್ಕೆ ಹತ್ತು ಸಲ ಬರುತ್ತದೆ. ಇದ್ದರೂ ಮನೆಯದ್ದರ ಹಾಗಲ್ಲ. ಪೈಪು ಸಣ್ಣದು, ಕೆಲವದರಲ್ಲಿ ಕೈಯಿಂದ ಪಂಪ್ ಮಾಡಬೇಕು. ಪ್ಯಾಡು, ಒದ್ದೆ ಟಿಶ್ಯೂ, ಡೈಪರ್ ಯಾವುದನ್ನೂ ಹಾಕಬೇಡಿ. ಕಟ್ಟಿಕೊಂಡರೆ ಬಿಚ್ಚಿ ಸರಿ ಮಾಡುವ ಕೆಲಸ ನನ್ನಂಥವರದ್ದು. ಒಳಗೆ ಜಾಸ್ತಿ ಹೊತ್ತು ಇದ್ದರೆ ಹೊಟ್ಟೆ ತಿರುಗುತ್ತದೆ, ಬೇಗ ಬನ್ನಿ. ಎಲ್ಲಕ್ಕಿಂತ ಒಳ್ಳೆಯದು, ಬೋಟು ಹತ್ತುವ ಮುಂಚೆ ದಡದಲ್ಲೇ ಹೋಗಿ ಬನ್ನಿ. ಬೇಡ ಅನ್ನುವ ಮಕ್ಕಳನ್ನೂ ಎಳೆದುಕೊಂಡು ಹೋಗಿ.